ಬಡಗಿಯ ಹಳೆಯ ಉಪಕರಣಗಳ ನ್ಯಾಯಮೂಲ್ಯ

ನಮ್ಮ ಶಾಸನಗಳಲ್ಲಿ ಭೂಮಿಯ ಕ್ರಯ, ಭತ್ತದ ಅಳತೆ, ಎಣ್ಣೆಯ ಸುಂಕ, ನಂದಾದೀಪಕ್ಕೆಂದು ಬಿಟ್ಟ ಗದ್ಯಾಣಗಳ ಬಡ್ಡಿ ಮೊದಲಾದ ವಿಷಯಗಳು ಹೇರಳವಾಗಿ ದೊರೆಯುತ್ತವೆ. ಇವುಗಳನ್ನು ವಿದ್ವಾಂಸರು ಬಹುಕಾಲದಿಂದ ಸಂಗ್ರಹಿಸಿ ವಿಮರ್ಶಿಸುತ್ತ ಬಂದಿರುವರು. ಆದರೆ ಆ ದೇವಾಲಯದ ಬಾಗಿಲುವಾಡವನ್ನೂ ರಥವನ್ನೂ ಕೆತ್ತಿದವನ ಕೈಯಲ್ಲಿದ್ದ ಉಳಿ ಬಾಚಿಗಳು ಅವನ ಕಾಲಾನಂತರ ಯಾವ ಬೆಲೆಗೆ ಯಾರ ಕೈಸೇರಬೇಕೆಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಇದು ಅಲ್ಪವಾದ ವಿಷಯವೆಂದು ತೋರಬಹುದು. ಹಾಗೆ ತೋರುವುದರಿಂದಲೇ ಈ ವ್ಯವಹಾರದಲ್ಲಿ ಅನ್ಯಾಯಕ್ಕೆ ಎಡೆಯಾಗಿದೆ. ಬಳಸಿದ ಉಪಕರಣದ ನ್ಯಾಯವಾದ ಬೆಲೆಯನ್ನು ಗೊತ್ತುಮಾಡುವ ಬಗೆಯೇನು, ನಮ್ಮ ಧರ್ಮಶಾಸ್ತ್ರಗಳು ಈ ವಿಷಯದಲ್ಲಿ ಎಷ್ಟರಮಟ್ಟಿಗೆ ನೆರವಾಗುವುವು, ಎಲ್ಲಿ ಕೈಬಿಡುವುವು ಎಂಬುದನ್ನು ಬೆಂಗಳೂರಿನ ಹಳೆಯ ಪೇಟೆಯನ್ನು ಮುಂದಿಟ್ಟುಕೊಂಡು ಈ ಲೇಖನದಲ್ಲಿ ವಿಚಾರಿಸಲಾಗಿದೆ.

೧. ಪೇಟೆಯೂ ಹಳೆಯ ಸಾಮಾನೂ

ಕೆಂಪೇಗೌಡನು ೧೫೩೭ರಲ್ಲಿ ನೆಲೆಗೊಳಿಸಿದನೆಂದು ಪ್ರಸಿದ್ಧವಾದ ಬೆಂಗಳೂರು ಪೇಟೆಯು ವೃತ್ತಿಗಳ ಹೆಸರಿನಿಂದಲೇ ತನ್ನ ಕೇರಿಗಳನ್ನು ಗುರುತಿಸಿಕೊಂಡಿತು. ಅಕ್ಕಿಪೇಟೆ, ತರಗುಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆಗಳಂತೆ ಉಪ್ಪಾರಪೇಟೆಯೂ ಅಲ್ಲಿ ನೆಲಸಿದ ಕಸುಬಿನವರ ಹೆಸರನ್ನು ಹೊತ್ತಿದೆ. ಪೇಟೆಯ ಪಶ್ಚಿಮೋತ್ತರ ಭಾಗದಲ್ಲಿರುವ ಈ ಕೇರಿಗೆ ಅನತಿದೂರದಲ್ಲಿದ್ದ ಧರ್ಮಾಂಬುಧಿ ಕೆರೆಯು ಬತ್ತಿ, ಆ ಪ್ರದೇಶದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಹೀಗೆ ಊರಿಗೆ ಬರುವವರೂ ಊರು ಬಿಡುವವರೂ ಕೂಡುವ ಎಡೆಯಲ್ಲಿ ಹಳೆಯ ಸಾಮಾನಿನ ವ್ಯಾಪಾರವು ಬೆಳೆಯುವುದು ಸಹಜವೇ ಸರಿ. ಇಲ್ಲಿಂದ ಚಿಕ್ಕಪೇಟೆಯ ಕಡೆಗೆ ನಡೆದರೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ, ದೊಡ್ಡ ಅಂಗಡಿಗಳು ಮುಚ್ಚಿರುವ ಭಾನುವಾರಗಳಲ್ಲಿ, ಹಳೆಯ ವಸ್ತುಗಳ ಸಂತೆ ನಡೆಯುತ್ತ ಬಂದಿರುವುದನ್ನು ಬೆಂಗಳೂರಿನವರೆಲ್ಲರೂ ಬಲ್ಲರು. ಅಲ್ಲಿ ಗಡಿಯಾರ, ಬೀಗ, ಪುಸ್ತಕಗಳ ನಡುವೆ ಗೋಣಿಯ ಮೇಲೆ ಹರಡಿದ ಉಳಿ, ಗರಗಸ, ಬೈರಿಗೆ, ತೋಪಡಗಳನ್ನೂ ಕಾಣಬಹುದು.

ಗ್ರಾಮಜೀವನದಲ್ಲಿ ಇಂತಹ ಸಂತೆಗೆ ಆಸ್ಪದವು ಕಡಿಮೆಯಾಗಿದ್ದಿತು. ಬಡಗಿಯೂ ಕಮ್ಮಾರನೂ ಆಯಗಾರರಾಗಿದ್ದು, ಸುಗ್ಗಿಯಲ್ಲಿ ಧಾನ್ಯದ ಆಯವನ್ನು ಪಡೆದು ವರ್ಷವೆಲ್ಲ ಊರಿನ ಕೆಲಸವನ್ನು ಮಾಡುತ್ತಿದ್ದರು. ತಂದೆಯ ವೃತ್ತಿಯೊಡನೆ ತಂದೆಯ ಉಪಕರಣವೂ ಮಗನಿಗೆ ಬರುತ್ತಿದ್ದಿತು. ಬೆಲೆ ಕಟ್ಟುವ ಪ್ರಸಂಗವು ಮನೆಯೊಳಗಿನ ಭಾಗದ ಕಾಲಕ್ಕೆ ಹೊರತು ಸಾಮಾನ್ಯವಾಗಿ ಒದಗುತ್ತಿರಲಿಲ್ಲ. ಮಗನು ಬೇರೆ ಜೀವನೋಪಾಯವನ್ನು ಹಿಡಿದಾಗ ಮಾತ್ರ ಉಪಕರಣವು ಪಣ್ಯವಾಗುತ್ತದೆ. ಆದುದರಿಂದ ಹಳೆಯ ಉಪಕರಣದ ಬೆಲೆಯು ಪಟ್ಟಣದ ಪ್ರಶ್ನೆ. ಕುಲವೃತ್ತಿಯು ಕೈಬಿಟ್ಟ ಮನೆಯ ಪ್ರಶ್ನೆಯೂ ಅದೇ.

೨. ಶಬ್ದಗಳ ಸಾಕ್ಷ್ಯ

ಈ ಉಪಕರಣಗಳ ಹೆಸರುಗಳಲ್ಲಿಯೇ ಎರಡು ಪರಂಪರೆಗಳ ಸಂಗಮವು ಕಾಣುತ್ತದೆ. ಅಮರಸಿಂಹನು ತಕ್ಷ, ವರ್ಧಕಿ, ತ್ವಷ್ಟೃ, ರಥಕಾರ ಎಂಬ ಪರ್ಯಾಯಗಳನ್ನು ಹೇಳಿರುವನು. ಅವುಗಳಲ್ಲಿ ವರ್ಧಕಿಯೇ ನಮ್ಮ ಬಡಗಿ. ವಾಶಿಯು ಬಾಚಿಯಾಯಿತು, ಶಾಣವು ಸಾಣೆಯಾಯಿತು. ಗರಗಸವನ್ನು ಕ್ರಕಚದ ತದ್ಭವವೆಂದು ಎಣಿಸುವುದುಂಟು. ಆದರೆ ಉಳಿಯೆಂಬುದು ಅಚ್ಚಗನ್ನಡದ ಮಾತು. ತೋಪಡಕ್ಕೆ ನಿಘಂಟುಗಳಲ್ಲಿ ಕೀಸುಳಿಯೆಂಬ ಹೆಸರೂ ಉಂಟು; ಕೀಸುವ ಉಳಿಯೆಂಬ ಅರ್ಥವು ಅದರಲ್ಲಿ ಸ್ಪಷ್ಟವಾಗಿದೆ. ಇವೆಲ್ಲಕ್ಕೂ ಒಟ್ಟಾಗಿ ಕನ್ನಡದಲ್ಲಿ ಮುಟ್ಟು, ಪಣಿಮುಟ್ಟು ಎನ್ನುವರು. ಈ ಮಾತುಗಳನ್ನು ಇಲ್ಲಿ ಎತ್ತಿದುದು ಕೇವಲ ಶಬ್ದಕೌತುಕಕ್ಕಾಗಿ ಅಲ್ಲ. ಗೋಣಿಯ ಮೇಲಿನ ರಾಶಿಯಲ್ಲಿ ಇದು ಉಳಿ, ಇದು ತೋಪಡದ ಅಲಗು, ಇದು ಬೈರಿಗೆಯ ಮೊನೆ ಎಂದು ಹೆಸರಿಟ್ಟು ಬೇರ್ಪಡಿಸಬಲ್ಲವನಿಗೆ ಅವು ಉಪಕರಣಗಳು. ಹೆಸರನ್ನು ಅರಿಯದವನಿಗೆ ಅವೆಲ್ಲವೂ ಕಬ್ಬಿಣ. ಬೆಲೆಯ ಅನ್ಯಾಯವು ಹೆಸರಿನ ಅಜ್ಞಾನದಿಂದ ಮೊದಲಾಗುತ್ತದೆ.

೩. ಪುರಾಣಭಾಂಡಗಳ ವಿಷಯದಲ್ಲಿ ಶಾಸ್ತ್ರ

ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ಹಸ್ತಪ್ರತಿಯಿಂದ ಮಹಾಮಹೋಪಾಧ್ಯಾಯ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಹಳೆಯ ಸಾಮಾನಿನ ಮಾರಾಟವನ್ನು ಹೆಸರಿಸಿಯೇ ಹೇಳುತ್ತದೆ. ಕಂಟಕಶೋಧನಾಧಿಕರಣದ ಎರಡನೆಯ ಅಧ್ಯಾಯವು ವರ್ತಕರಿಂದ ಪ್ರಜೆಗಳನ್ನು ರಕ್ಷಿಸುವ ವಿಚಾರವಾಗಿದ್ದು, ಅದರ ಆರಂಭದಲ್ಲಿಯೇ ಪುರಾಣಭಾಂಡಗಳ, ಎಂದರೆ ಹಳೆಯ ಸರಕುಗಳ, ಒತ್ತೆಯನ್ನೂ ವಿಕ್ರಯವನ್ನೂ ಸಂಸ್ಥಾಧ್ಯಕ್ಷನು ಗೊತ್ತಾದ ಪಣ್ಯಸ್ಥಾನದಲ್ಲಿ ನಡೆಯಿಸಬೇಕೆಂದೂ, ಮಾರುವವನ ಸ್ವಾಮ್ಯವು ಶುದ್ಧವಾಗಿರಬೇಕೆಂದೂ ವಿಧಿಯಿದೆ. ಹಳೆಯ ವಸ್ತುವಿನ ವ್ಯಾಪಾರದಲ್ಲಿ ಮೊದಲು ಹುಟ್ಟುವ ಸಂದೇಹವು ಬೆಲೆಯದಲ್ಲ, ಒಡೆತನದ್ದು ಎಂಬುದನ್ನು ಆಚಾರ್ಯನು ಕಂಡಿದ್ದನು. ಹಳೆಯ ಸಾಮಾನಿನ ಸಂತೆಗಳನ್ನು ಇಂದಿಗೂ ಜನರು ಹಾಸ್ಯಕ್ಕಾದರೂ ಕಳ್ಳಸಂತೆಯೆಂದು ಕರೆಯುವುದು ಈ ಸಂದೇಹದ ಶೇಷವೇ ಆಗಿದೆ. ಬೆಲೆಯು ಅತಿಯಾಗಿ ಇಳಿದಿದ್ದರೆ ಒಡೆತನವನ್ನು ವಿಚಾರಿಸಬೇಕೆಂಬುದು ವಿವೇಕಿಗಳ ಮಾರ್ಗ.

ಇನ್ನು ಬೆಲೆಯ ಲಕ್ಷಣವೇನು? ಯಾಜ್ಞವಲ್ಕ್ಯನು ಪದಾರ್ಥಕ್ಕೆ ತಗುಲಿದ ವೆಚ್ಚವನ್ನು ಲೆಕ್ಕಕ್ಕೆ ಹಿಡಿದು, ಕೊಳ್ಳುವವನಿಗೂ ಮಾರುವವನಿಗೂ ಅನುಗ್ರಹವಾಗುವಂತೆ ಬೆಲೆಯನ್ನು ನಿರ್ಣಯಿಸಬೇಕೆಂದು ವಿಧಿಸಿರುವನು. ನ್ಯಾಯಮೂಲ್ಯಕ್ಕೆ ಇದಕ್ಕಿಂತ ಸಂಕ್ಷೇಪವಾದ ಲಕ್ಷಣವನ್ನು ಹೇಳುವುದು ಕಷ್ಟ. ಸ್ವದೇಶದ ಸರಕಿನಲ್ಲಿ ನೂರಕ್ಕೆ ಐದು, ಪರದೇಶದ ಸರಕಿನಲ್ಲಿ ನೂರಕ್ಕೆ ಹತ್ತು ಲಾಭವೆಂದು ಅವನೂ ಕೌಟಿಲ್ಯನೂ ಒಂದೇ ಮೇರೆಯನ್ನು ಹಾಕಿರುವರು. ವರ್ತಕರು ಒಟ್ಟುಗೂಡಿ ಕುಶಲಕರ್ಮಿಗಳಿಗೆ ಬಾಧಕವಾಗುವಂತೆ ಬೆಲೆ ಕಟ್ಟಿದರೆ ಉತ್ತಮಸಾಹಸ ದಂಡವೆಂದೂ ಯಾಜ್ಞವಲ್ಕ್ಯನ ಮತವಾಗಿದೆ. ಈ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಆದಕಾರಣ ಈ ವಿಚಾರವು ಕನ್ನಡನಾಡಿಗೆ ಹೊರಗಿನದಲ್ಲ. ಬೆಲೆ ಕಟ್ಟುವವನು ಯಾರಾಗಿರಬೇಕೆಂಬುದಕ್ಕೆ ಮನುವು ಉತ್ತರವಿತ್ತಿರುವನು: ಸುಂಕದ ಕಟ್ಟೆಗಳಲ್ಲಿ ಸಕಲ ಪಣ್ಯಗಳ ಗುಣವನ್ನು ಬಲ್ಲ ವಿಚಕ್ಷಣರು ಆಯಾ ಪಣ್ಯಕ್ಕೆ ತಕ್ಕಂತೆ ಬೆಲೆಯನ್ನು ಕಟ್ಟಬೇಕು.

೪. ಬಟ್ಟೆಗೆ ನಿಯಮವುಂಟು, ಉಳಿಗೆ ಇಲ್ಲ

ಬಳಕೆಯಿಂದ ವಸ್ತುವಿನ ಬೆಲೆ ಎಷ್ಟು ಇಳಿಯುವುದೆಂಬುದಕ್ಕೆ ನಾರದಸ್ಮೃತಿಯಲ್ಲಿ ಒಂದು ಸ್ಪಷ್ಟವಾದ ಗಣನೆಯಿದೆ. ಒಮ್ಮೆ ಒಗೆದ ಬಟ್ಟೆಯ ಬೆಲೆಯಲ್ಲಿ ಎಂಟನೆಯ ಒಂದು ಭಾಗ, ಎರಡು ಸಲ ಒಗೆದುದರಲ್ಲಿ ಕಾಲುಭಾಗ, ಮೂರು ಸಲಕ್ಕೆ ಮೂರನೆಯ ಒಂದು ಭಾಗ, ನಾಲ್ಕು ಸಲಕ್ಕೆ ಅರ್ಧಭಾಗ ಕಳೆಯುತ್ತದೆ. ಅರ್ಧವು ಕಳೆದಮೇಲೆ ಕ್ರಮವಾಗಿ ಕಾಲುಭಾಗದಂತೆ ಇಳಿಯುತ್ತ, ಅಂಚಿನ ದಶೆಗಳು ಸವೆದು ಹೋಗುವವರೆಗೂ ಈ ಲೆಕ್ಕವು ನಡೆಯುತ್ತದೆ. ಜೀರ್ಣವಾದುದಕ್ಕೆ ಮಾತ್ರ ನಿಯಮವಿಲ್ಲ. ಎಂಟು ಪಣದ ಬಟ್ಟೆಯು ನಾಲ್ಕು ಒಗೆತಗಳಲ್ಲಿ ನಾಲ್ಕು ಪಣಕ್ಕೆ ಬರುವುದೆಂದು ಇದರ ತಾತ್ಪರ್ಯ.

ಈ ನಿಯಮವನ್ನು ಉಪಕರಣಕ್ಕೆ ಏಕೆ ಅನ್ವಯಿಸಬಾರದು? ಬಟ್ಟೆಯ ಸವೆತವು ಒಗೆತದ ಸಂಖ್ಯೆಯನ್ನು ಅನುಸರಿಸುತ್ತದೆ. ಯಾರು ಉಟ್ಟರೂ ಒಗೆತವು ಒಗೆತವೇ. ಉಳಿಯ ಸವೆತವಾದರೋ ಅದನ್ನು ಹಿಡಿದ ಕೈಯನ್ನು ಅನುಸರಿಸುತ್ತದೆ. ಬಲ್ಲವನು ನೀರು ಹಾಕಿ ಸಾಣೆಯ ಮೇಲೆ ಮೆಲ್ಲನೆ ಮಸೆದು ಒಂದೇ ಉಳಿಯನ್ನು ಜೀವಮಾನವೆಲ್ಲ ನಡೆಯಿಸುವನು. ಅರಿಯದವನು ಒಣಚಕ್ರಕ್ಕೆ ಒಡ್ಡಿ ಬಾಯನ್ನು ನೀಲಿಗಟ್ಟಿಸಿ ಒಂದೇ ಗಳಿಗೆಯಲ್ಲಿ ಹದವನ್ನು ಕೆಡಿಸುವನು. ಇಪ್ಪತ್ತು ವರ್ಷದ ಉಳಿಯು ಎರಡು ವರ್ಷದ ಉಳಿಗಿಂತ ಉತ್ತಮವಾಗಿರುವುದು ಆಶ್ಚರ್ಯವಲ್ಲ. ಆದುದರಿಂದ ವರ್ಷವನ್ನು ಎಣಿಸಿ ಬೆಲೆಯನ್ನು ಇಳಿಸುವ ಕ್ರಮವು ಬಟ್ಟೆಗೆ ಒಪ್ಪಿದರೂ ಉಪಕರಣಕ್ಕೆ ಒಪ್ಪದು. ಕಳೆದುಹೋದುದನ್ನಲ್ಲ, ಉಳಿದಿರುವುದನ್ನು ಎಣಿಸಬೇಕು. ಆ ಉಪಕರಣವು ಇನ್ನು ಎಷ್ಟು ಕೆಲಸವನ್ನು ಮಾಡಬಲ್ಲುದೆಂಬುದೇ ಅದರ ಬೆಲೆಯ ಆಧಾರ.

ಕೆಲಸವನ್ನು ಅಳೆಯುವ ಪದ್ಧತಿಯು ನಮ್ಮಲ್ಲಿ ಇಲ್ಲದಿರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿಯೂ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿಯೂ ಕ್ರಕಚವ್ಯವಹಾರವನ್ನು, ಎಂದರೆ ಮರ ಕೊಯ್ಯುವ ಲೆಕ್ಕವನ್ನು, ಹೇಳಿರುವರು. ಮರದ ಉದ್ದ, ದಪ್ಪ, ಕೊಯ್ತಗಳ ಸಂಖ್ಯೆ ಇವುಗಳಿಂದ ಕೊಯ್ದ ಮೈಯ ಅಳತೆಯನ್ನು ತೆಗೆದು ಕೂಲಿಯನ್ನು ಗೊತ್ತುಮಾಡುವುದು ಅದರ ರೀತಿ. ಗಣಿತಜ್ಞರು ಗರಗಸದ ಕೆಲಸಕ್ಕೆ ಬೆಲೆ ಕಟ್ಟಿದರು. ಆ ದೃಷ್ಟಿಯನ್ನೇ ಗರಗಸಕ್ಕೂ ವಿಸ್ತರಿಸಿದರೆ ನಮಗೆ ಬೇಕಾದ ಸೂತ್ರವು ದೊರೆಯುತ್ತದೆ.

೫. ಕಬ್ಬಿಣದ ಪರೀಕ್ಷೆ

ಉಳಿದಿರುವುದನ್ನು ಎಣಿಸಬೇಕಾದರೆ ಅದನ್ನು ಪರೀಕ್ಷಿಸಬೇಕಷ್ಟೆ. ಕ್ರೀತಾನುಶಯ ಪ್ರಕರಣದಲ್ಲಿ ಯಾಜ್ಞವಲ್ಕ್ಯನು ಬೇರೆ ಬೇರೆ ಪದಾರ್ಥಗಳಿಗೆ ಬೇರೆ ಬೇರೆ ಪರೀಕ್ಷಾವಧಿಯನ್ನು ಇಟ್ಟಿರುವನು: ಬೀಜಕ್ಕೆ ಹತ್ತು ದಿನ, ಹೊರೆಹೊರುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕಬ್ಬಿಣಕ್ಕೆ ಒಂದು ದಿನ. ಈ ಭೇದವು ಯುಕ್ತವಾದುದು. ಬೀಜದ ಗುಣವು ಮೊಳಕೆಯಲ್ಲಿ ತೋರಬೇಕು; ಕಬ್ಬಿಣದ ಗುಣವಾದರೋ ಒಂದು ದಿನದ ಕೆಲಸದಲ್ಲಿಯೇ ತೋರಿಬಿಡುತ್ತದೆ. ನಾರದನ ಪ್ರಕಾರ ಕೊಂಡ ವಸ್ತುವು ಮನಸ್ಸಿಗೆ ಬಾರದಿದ್ದರೆ ಆ ದಿನವೇ ಕೆಡದಂತೆ ಹಿಂದಿರುಗಿಸಿ ಪೂರ್ಣಮೂಲ್ಯವನ್ನು ಪಡೆಯಬಹುದು. ಎರಡನೆಯ ದಿನವಾದರೆ ಮೂವತ್ತನೆಯ ಒಂದು ಭಾಗವನ್ನೂ ಮೂರನೆಯ ದಿನವಾದರೆ ಅದರ ಇಮ್ಮಡಿಯನ್ನೂ ಬಿಡಬೇಕು. ಆಮೇಲೆ ವಸ್ತುವು ಕೊಂಡವನದೇ.

ಕಬ್ಬಿಣದಲ್ಲಿ ಪರೀಕ್ಷಿಸಬೇಕಾದುದೇನೆಂಬುದಕ್ಕೆ ಉಪಕರಣದ ರಚನೆಯನ್ನು ತಿಳಿಯಬೇಕು. ಹಿಂದೆ ಉಳಿ ಬಾಚಿಗಳ ಮೈಯೆಲ್ಲವೂ ಉಕ್ಕಾಗಿರುತ್ತಿರಲಿಲ್ಲ. ಮೆದುವಾದ ಕಬ್ಬಿಣದ ಮೈಗೆ ಬಾಯಿಯ ಕಡೆಯಲ್ಲಿ ಮಾತ್ರ ಉಕ್ಕಿನ ಪಟ್ಟಿಯನ್ನು ಕಮ್ಮಾರನು ಕುಲುಮೆಯಲ್ಲಿ ಬೆಸೆಯುತ್ತಿದ್ದನು. ಉಕ್ಕು ದುರ್ಲಭವಾಗಿದ್ದುದೇ ಇದಕ್ಕೆ ಕಾರಣ. ಟೀಪುವಿನ ಪತನಾನಂತರ, ೧೮೦೦ರಲ್ಲಿ, ಮೈಸೂರು ದೇಶದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬಾತನು ಈ ನಾಡಿನ ಕಬ್ಬಿಣ ಉಕ್ಕುಗಳ ತಯಾರಿಕೆಯನ್ನು ಕಂಡು, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿರುವನು. ಆ ಉಕ್ಕು ಕಲ್ಲುಕುಟಿಗರ ಉಳಿಗೂ ಕತ್ತಿಯ ಅಲಗಿಗೂ ವಾದ್ಯಗಳ ತಂತಿಗೂ ಸಲ್ಲುತ್ತಿದ್ದಿತು. ಹೀಗಿರಲು ಉದ್ದವಾಗಿ ತೋರುವ ಹಳೆಯ ಬಾಚಿಯಲ್ಲಿ ಉಕ್ಕೆಲ್ಲವೂ ಸವೆದು ಬರಿಯ ಕಬ್ಬಿಣವು ಉಳಿದಿರಬಹುದು. ಗಿಡ್ಡವಾದ ಮತ್ತೊಂದರಲ್ಲಿ ಎರಡು ಅಂಗುಲದ ಒಳ್ಳೆಯ ಉಕ್ಕು ಇರಬಹುದು. ಕಣ್ಣಳತೆಯ ಉದ್ದವು ಇಲ್ಲಿ ಪ್ರಮಾಣವಲ್ಲ.

ಕುಶಲರಾದ ಬಡಗಿಗಳು ಮಾಡುವ ಪರೀಕ್ಷೆಯ ಕ್ರಮವಿದು. ಉಳಿಯನ್ನು ಕೈಗೆತ್ತಿಕೊಂಡು ಮೊದಲು ಅದರ ಚಪ್ಪಟೆಯ ಬೆನ್ನನ್ನು ನೋಡುವರು. ಮೇಲೆ ಹರಡಿದ ತುಕ್ಕು ಉಜ್ಜಿದರೆ ಹೋಗುತ್ತದೆ. ಬಾಯಿಯ ಬಳಿ ಬೆನ್ನಿನಲ್ಲಿ ತುಕ್ಕು ಕೊರೆದ ಕುಳಿಗಳಿದ್ದರೆ ಬಾಯಿಯು ಎಂದೂ ನೇರವಾಗದು. ಅನಂತರ ಅರವನ್ನು ಬಾಯಿಗೆ ಮೆಲ್ಲನೆ ತಾಗಿಸುವರು: ಅರವು ಜಾರಿದರೆ ಹದವುಂಟು, ಕಚ್ಚಿದರೆ ಹದವು ಹೋಗಿದೆ. ಗರಗಸವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಗಡು ನೆಟ್ಟಗಿದೆಯೇ ಎಂದು ನೋಡುವರು. ಹಲ್ಲು ಮೊಂಡಾಗಿರುವುದು ದೋಷವಲ್ಲ, ಅರವು ಅದನ್ನು ಸರಿಪಡಿಸುತ್ತದೆ; ತಗಡು ಮುರುಟಿದ್ದರೆ ಅದಕ್ಕೆ ಸುಲಭವಾದ ಚಿಕಿತ್ಸೆಯಿಲ್ಲ. ತೋಪಡದಲ್ಲಿ ತಳವು ಸಮವಾಗಿರಬೇಕು, ಬಾಯಿಯು ಅಗಲವಾಗಿರಬಾರದು, ಬೆಣೆಯು ಬಿಗಿಯಾಗಿ ಕೂಡಬೇಕು. ಮರದ ಮೈ ಸೀಳಿದ್ದರೂ ಅಲಗು ಒಳ್ಳೆಯದಾಗಿದ್ದರೆ ಅಲಗಿಗೆ ಬೇರೆ ಬೆಲೆಯುಂಟು. ಬೈರಿಗೆಯಲ್ಲಿ ಮೊನೆಯ ತಿರುಪು ಸವೆಯದಿರಬೇಕು. ಹಿಡಿ ಅಥವಾ ಕಾವು ಮುರಿದಿರುವುದನ್ನು ಬಲ್ಲವರು ಲಕ್ಷಿಸುವುದಿಲ್ಲ. ಜಾಲಿಯ ತುಂಡಿನಿಂದ ಹೊಸದನ್ನು ಮಾಡಿಕೊಳ್ಳುವುದು ಬಡಗಿಗೆ ಕಷ್ಟವಲ್ಲ. ಮಾರುವವನು ಮಾತ್ರ ಮುರಿದ ಹಿಡಿಗಾಗಿ ನಾಚಿ ಬೆಲೆಯನ್ನು ಇಳಿಸುವನು.

ಬಾಚಿಯ ಉಕ್ಕು ತೀರಿಹೋಗಿದ್ದರೆ ಕಮ್ಮಾರನು ಹೊಸ ಉಕ್ಕನ್ನು ಕೂಡಿಸಬಲ್ಲನು. ಆದರೆ ಬೆಂಕಿಗೆ ಹೋದ ಕಬ್ಬಿಣವು ಅಷ್ಟಕ್ಕಷ್ಟೇ ಹಿಂದಿರುಗುವುದಿಲ್ಲ. ಚಿನ್ನಕ್ಕೆ ಬೆಂಕಿಯಲ್ಲಿ ಕ್ಷಯವಿಲ್ಲ, ಬೆಳ್ಳಿಗೆ ನೂರಕ್ಕೆ ಎರಡು, ತಾಮ್ರಕ್ಕೆ ಐದು, ತವರ ಸೀಸಗಳಿಗೆ ಎಂಟು, ಕಬ್ಬಿಣಕ್ಕೆ ಹತ್ತು ಎಂದು ಯಾಜ್ಞವಲ್ಕ್ಯನು ಲೆಕ್ಕವಿಟ್ಟಿರುವನು. ಈ ಕ್ಷಯವನ್ನೂ ಕಮ್ಮಾರನ ಕೂಲಿಯನ್ನೂ ಬೆಲೆಯಿಂದ ಕಳೆಯುವುದು ನ್ಯಾಯ.

೬. ಲೆಕ್ಕದ ಒಂದು ನಿದರ್ಶನ

ವಾಚಕರಿಗೆ ವಿಶದವಾಗುವಂತೆ ಒಂದು ಕಲ್ಪಿತವಾದ ನಿದರ್ಶನವನ್ನು ತೆಗೆದುಕೊಳ್ಳೋಣ. ಒಂದು ಉಳಿಯ ಹೊಸ ಬೆಲೆ ೬೦೦ ರೂಪಾಯಿಗಳಾಗಿರಲಿ. ಹೊಸದರಲ್ಲಿ ಮಸೆಯಲು ಒದಗುವ ಉಕ್ಕು ೧೦ ಭಾಗಗಳೆಂದೂ, ಹಳೆಯದರಲ್ಲಿ ೬ ಭಾಗಗಳು ಉಳಿದಿವೆಯೆಂದೂ ಇಟ್ಟುಕೊಂಡರೆ ಅದರ ಮೂಲ್ಯವು ೩೬೦ ರೂಪಾಯಿಗಳಾಗುತ್ತದೆ. ಹೊಸ ಹಿಡಿಗೆ ೫೦, ಸಾಣೆಗೆ ೩೦ ಕಳೆದರೆ ಉಳಿಯುವುದು ೨೮೦. ಕೆಲಸಗಾರನು ಕೊಡಬಹುದಾದ ಬೆಲೆಯಿದು. ಅದೇ ಉಳಿಯು ಕಾಲು ಕಿಲೋ ತೂಗುವುದೆಂದೂ, ಗುಜರಿ ಕಬ್ಬಿಣವು ಕಿಲೋಗೆ ೪೦ ರೂಪಾಯಿಗಳೆಂದೂ ಹಿಡಿದರೆ ತೂಕದ ಬೆಲೆ ೧೦ ರೂಪಾಯಿ ಮಾತ್ರ. ನಡುವೆ ವ್ಯಾಪಾರಿಯಿದ್ದು, ೨೮೦ರಲ್ಲಿ ಅರ್ಧವನ್ನು ಅವನಿಗೇ ಬಿಟ್ಟರೂ ಮಾರಿದ ಮನೆಯವರಿಗೆ ೧೪೦ ರೂಪಾಯಿಗಳು ಸೇರಬೇಕು. ಹತ್ತಕ್ಕೂ ನೂರನಾಲ್ವತ್ತಕ್ಕೂ ಇರುವ ಅಂತರವು ಒಂದು ಉಳಿಯಲ್ಲಿ. ಬಡಗಿಯ ಪೆಟ್ಟಿಗೆಯಲ್ಲಿಯಾದರೋ ಇಂತಹ ಉಪಕರಣಗಳು ಹತ್ತಾರು ಇರುತ್ತವೆ.

ಈ ಲೆಕ್ಕದಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಹೊಸದರ ಬೆಲೆಯು ಮೇಲಿನ ಎಲ್ಲೆ; ಅದೇ ಗುಣದ ಹೊಸ ಉಪಕರಣದ ಬೆಲೆಯನ್ನೇ ಹಿಡಿಯಬೇಕು, ಹೀನವಾದುದರ ಬೆಲೆಯನ್ನಲ್ಲ. ತೂಕದ ಬೆಲೆಯು ಕೆಳಗಿನ ಎಲ್ಲೆ. ಹದವು ಪೂರ್ತಿಯಾಗಿ ಹೋದುದಕ್ಕೆ ಮಾತ್ರ ಅದು ಸಲ್ಲುತ್ತದೆ. ಇವೆರಡರ ನಡುವೆ ಬೆಲೆಯನ್ನು ನಿಲ್ಲಿಸುವುದು ಪರೀಕ್ಷೆ. ಹದವಿದೆಯೋ ಇಲ್ಲವೋ ತಿಳಿಯದಿರುವಾಗ ಕೊಳ್ಳುವವನು ಭಯದಿಂದ ಬೆಲೆಯನ್ನು ಇಳಿಸುತ್ತಾನೆ. ಒಂದು ದಿನದ ಪರೀಕ್ಷೆಗೆ ಅವಕಾಶವಿದ್ದರೆ ಆ ಭಯವು ಹೋಗಿ ಬೆಲೆಯು ತನ್ನ ಸ್ಥಾನಕ್ಕೆ ಏರುತ್ತದೆ. ಆದುದರಿಂದ ಯಾಜ್ಞವಲ್ಕ್ಯನ ಏಕಾಹವು ಕೊಳ್ಳುವವನ ರಕ್ಷಣೆಗಾಗಿಯೇ ಇದ್ದಂತೆ ತೋರಿದರೂ ಪ್ರಾಮಾಣಿಕನಾದ ಮಾರುವವನಿಗೂ ಅಷ್ಟೇ ಹಿತಕರ. ಇಬ್ಬರಿಗೂ ಅನುಗ್ರಹವಾಗಬೇಕೆಂಬ ಲಕ್ಷಣವು ಇಲ್ಲಿ ಸಮನ್ವಯವಾಗುತ್ತದೆ.

೭. ಆಕ್ಷೇಪಗಳು

ಹಳೆಯ ಸಾಮಾನಿನ ವ್ಯಾಪಾರಿಗೆ ಅರ್ಧವನ್ನು ಬಿಡುವುದು ನೂರಕ್ಕೆ ಐದು ಹತ್ತುಗಳ ಮೇರೆಯನ್ನು ಮೀರಿತಲ್ಲವೇ ಎಂದು ಕೇಳಬಹುದು. ಆ ಮೇರೆಯನ್ನು ಯಾಜ್ಞವಲ್ಕ್ಯನು ಕೊಂಡ ಕೂಡಲೇ ಮಾರುವ ವರ್ತಕನಿಗೆ ಹೇಳಿರುವನು. ಗುಜರಿಯವನು ಹತ್ತು ವಸ್ತುಗಳನ್ನು ಕೊಂಡು, ಮೂರನ್ನು ಬೇಗನೆ ಮಾರಿ, ಉಳಿದುವನ್ನು ತಿಂಗಳುಗಟ್ಟಲೆ ಕಾಯ್ದು, ಕೆಲವನ್ನು ತೂಕಕ್ಕೆ ಹಾಕುವನು. ಮನುವೂ ಬೆಲೆಯನ್ನು ಗೊತ್ತುಮಾಡುವಾಗ ಸರಕಿನ ಬರವು, ಹೋಗು, ಇಟ್ಟುಕೊಂಡಿರುವ ಕಾಲ, ವೃದ್ಧಿಕ್ಷಯಗಳನ್ನು ನೋಡಬೇಕೆಂದಿರುವನು. ಆದುದರಿಂದ ವ್ಯಾಪಾರಿಯ ಅಧಿಕಲಾಭವೇ ದೋಷವಲ್ಲ. ಉಪಕರಣವೆಂದು ತಿಳಿದೂ ಕಬ್ಬಿಣವೆಂದು ಕೊಳ್ಳುವುದು ದೋಷ.

ಎರಡನೆಯದಾಗಿ, ಷೆಫೀಲ್ಡಿನ ಹಳೆಯ ಉಳಿಗಳನ್ನೂ ಅಮೆರಿಕದ ಸ್ಟ್ಯಾನ್ಲಿ ತೋಪಡಗಳನ್ನೂ ಡಿಸ್ಟನ್ ಗರಗಸಗಳನ್ನೂ ಕೆಲವರು ಹೊಸದಕ್ಕಿಂತಲೂ ಅಧಿಕವಾದ ಬೆಲೆಗೆ ಕೊಳ್ಳುವರಲ್ಲ, ಆಗ ಮೇಲಿನ ಎಲ್ಲೆಯೆಲ್ಲಿ ಎಂಬ ಪ್ರಶ್ನೆಯುಂಟು. ಅಂಥವರಲ್ಲಿ ಕೆಲವರು ಉಕ್ಕಿನ ಗುಣಕ್ಕಾಗಿ ಕೊಳ್ಳುವರು. ಅವರ ಲೆಕ್ಕವು ನಮ್ಮ ಲೆಕ್ಕವೇ. ಮತ್ತೆ ಕೆಲವರು ಸಂಗ್ರಹಾಸಕ್ತಿಯಿಂದ ಕೊಳ್ಳುವರು. ಅವರು ಕೊಡುವುದು ಕೆಲಸದ ಬೆಲೆಯಲ್ಲ, ಅಪೂರ್ವತೆಯ ಬೆಲೆ. ಜೀರ್ಣವಾದುದಕ್ಕೆ ನಿಯಮವಿಲ್ಲವೆಂದು ನಾರದನು ಬಟ್ಟೆಯ ವಿಷಯದಲ್ಲಿ ಹೇಳಿದ ಮಾತನ್ನು ಇಲ್ಲಿಯೂ ನೆನೆಯಬಹುದು. ಆ ಬೆಲೆಯನ್ನು ಶಾಸ್ತ್ರವು ಕಟ್ಟಲಾರದು. ಕೆಲಸಗಾರನು ಅದನ್ನು ತನ್ನ ಪ್ರಮಾಣವಾಗಿ ಹಿಡಿಯಲೂ ಬಾರದು.

ಮೂರನೆಯದಾಗಿ, ವಿದ್ಯುಚ್ಛಕ್ತಿಯಿಂದ ನಡೆಯುವ ಗರಗಸ ತೋಪಡಗಳು ಬಂದಮೇಲೆ ಕೈ ಉಪಕರಣಗಳಿಗೆ ಬೇಡಿಕೆಯೇ ಕುಗ್ಗಿತೆಂಬುದು ನಿಜ. ಬೇಡಿಕೆಯು ಕುಗ್ಗಿದರೆ ಬೆಲೆಯು ಇಳಿಯುವುದೂ ನ್ಯಾಯವೇ. ೧೯೩೦ರ ಸರಕು ಮಾರಾಟ ಕಾಯಿದೆಯು, ಬೆಲೆಯು ಗೊತ್ತಾಗದಿರುವಲ್ಲಿ ಕೊಡಬೇಕಾದ ಯುಕ್ತವಾದ ಬೆಲೆಯೆಂಬುದು ಆಯಾ ಸಂದರ್ಭದ ಸಂಗತಿಗಳಿಂದ ನಿರ್ಣಯವಾಗತಕ್ಕುದೆಂದು ಹೇಳುತ್ತದೆ. ಆದರೆ ಸಂದರ್ಭದಿಂದ ಇಳಿದ ಬೆಲೆಗೂ ಅಜ್ಞಾನದಿಂದ ಇಳಿಸಿದ ಬೆಲೆಗೂ ಭೇದವುಂಟು. ಮೊದಲನೆಯದನ್ನು ತಡೆಯಲಾಗದು; ಎರಡನೆಯದನ್ನು ತಡೆಯಬಹುದು.

೮. ಉಪಸಂಹಾರ

ನಾರದನು ಪ್ರಕೀರ್ಣಕದಲ್ಲಿ ಒಂದು ಉದಾತ್ತವಾದ ವಿಧಿಯನ್ನು ಹೇಳಿರುವನು. ಅಪರಾಧಿಯ ಸರ್ವಸ್ವವನ್ನು ಅಪಹರಿಸುವಾಗಲೂ ಯೋಧನ ಆಯುಧವನ್ನೂ ಕಾರುಕರು ಯಾವುದರಿಂದ ಬದುಕುವರೋ ಆ ಉಪಕರಣವನ್ನೂ ಅರಸನು ತೆಗೆದುಕೊಳ್ಳಲಾಗದು. ಇದೇ ತತ್ತ್ವವು ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೬೦ನೆಯ ಕಲಮಿನಲ್ಲಿಯೂ ಇದೆ: ಸಾಲಗಾರನ ಸ್ವತ್ತನ್ನು ಜಪ್ತಿಮಾಡುವಾಗ ಕುಶಲಕರ್ಮಿಯ ಉಪಕರಣಗಳನ್ನು ಮುಟ್ಟುವಂತಿಲ್ಲ. ಉಪಕರಣವು ಇತರ ಸೊತ್ತಿನಂತಲ್ಲ, ಅದು ಜೀವನದ ಅಂಗವೆಂದು ಅನೇಕ ಶತಮಾನಗಳ ಅಂತರದಲ್ಲಿ ಎರಡು ನ್ಯಾಯಪದ್ಧತಿಗಳೂ ಒಪ್ಪಿರುವುವು. ಅರಸನೂ ಸಾಲಿಗನೂ ಕಸಿಯಲಾರದ ಆ ಉಪಕರಣವು, ಒಡೆಯನು ತೀರಿಕೊಂಡ ತಿಂಗಳೊಳಗೆ, ಅವನ ಹೆಂಡತಿಮಕ್ಕಳ ಕೈಯಿಂದ ತಕ್ಕಡಿಯ ಮೇಲೆ ಕಬ್ಬಿಣವಾಗಿ ಹೋಗುವುದು ವಿಷಾದಕರವಾದ ಸಂಗತಿ. ದಂಡಿಸಿ ಕಸಿಯುವುದಕ್ಕೆ ಶಾಸ್ತ್ರವು ತಡೆಯಿಟ್ಟಿತು. ತೂಗಿ ಕಸಿಯುವುದಕ್ಕೆ ತಡೆಯನ್ನು ನಾವೇ ಇಡಬೇಕಾಗಿದೆ.

ಅದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ನಮ್ಮಲ್ಲಿದೆ. ಬೆಲೆ ಕಟ್ಟುವವನು ಪಣ್ಯವಿಚಕ್ಷಣನಾಗಿರಬೇಕೆಂದು ಮನುವು ಹೇಳಿದನು. ಅವನೇ ಕೊಳ್ಳುವವನಾಗಿರಬಾರದೆಂಬುದನ್ನು ನಾವು ಅದಕ್ಕೆ ಸೇರಿಸಬೇಕು. ಪೆಟ್ಟಿಗೆಯನ್ನು ಮಾರುವ ಮುನ್ನ ಕೊಳ್ಳುವ ಇಚ್ಛೆಯಿಲ್ಲದ ಒಬ್ಬ ಹಿರಿಯ ಬಡಗಿಯನ್ನು ಕರೆಯಿಸಿ, ಒಂದೊಂದು ಉಪಕರಣಕ್ಕೂ ಅದರ ಹೆಸರು, ಉಳಿದ ಉಕ್ಕು, ದುರಸ್ತಿಯ ವೆಚ್ಚ ಇವುಗಳನ್ನು ಬರೆಯಿಸಿ, ಒಟ್ಟಾಗಿ ತೂಗದೆ ಬಿಡಿಬಿಡಿಯಾಗಿ ಮಾರಬೇಕು. ಕೊಂಡವನಿಗೆ ಒಂದು ದಿನದ ಪರೀಕ್ಷೆಯನ್ನು ಬಿಡಬೇಕು. ಇಷ್ಟು ಮಾಡಿದರೆ ಪೇಟೆಯ ವ್ಯಾಪಾರಿಗೂ ನಷ್ಟವಿಲ್ಲ, ಹೊಸದಾಗಿ ಕಸುಬಿಗೆ ಇಳಿಯುವ ಹುಡುಗನಿಗೂ ಒಳ್ಳೆಯ ಉಪಕರಣವು ಕೈಗೆಟುಕುವ ಬೆಲೆಗೆ ದೊರೆಯುತ್ತದೆ. ಪಾಠಶಾಲೆಗಳಲ್ಲಿ ಭಾಷೆಯನ್ನು ಬೋಧಿಸುವವರು ಬಾಚಿ, ಬೈರಿಗೆ, ಕೀಸುಳಿ ಮೊದಲಾದ ಶಬ್ದಗಳನ್ನು ನಿಘಂಟಿನಿಂದ ಮಾತ್ರ ತೋರಿಸದೆ, ಆ ವಸ್ತುಗಳನ್ನೇ ತರಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಶಬ್ದವೂ ಉಳಿಯುತ್ತದೆ, ವಸ್ತುವೂ ತನ್ನ ಬೆಲೆಯಲ್ಲಿ ಉಳಿಯುತ್ತದೆ.